ಅಂಗೈಯಗಲದ ಕ್ಯಾಮ್‌ಕಾರ್ಡರ್: ಒಳಗಿನ ವಿಜ್ಞಾನ, ಹೊರಗಿನ ಕೆಲಸ



ನಿಮ್ಮ ಶಾಲೆಯ ಕಪಾಟಿನಲ್ಲಿ ಒಂದು ಸಣ್ಣ ಕ್ಯಾಮ್‌ಕಾರ್ಡರ್ ಇರಬಹುದು. ವಾರ್ಷಿಕೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ಹೊರಗೆ ಬರ್ತದೆ, ಮತ್ತೆ ಕಪಾಟು ಸೇರ್ತದೆ. ಇಲ್ಲವೇ ಗಲ್ಫಿನಿಂದ ಮಾವ ತಂದದ್ದು ಮನೆಯಲ್ಲೇ ಎಲ್ಲೋ ಪೆಟ್ಟಿಗೆಯೊಳಗೆ ಉಂಟು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೇಲೆ ‘ಎಚ್‌ಡಿ’ ಎಂಬ ಎರಡಕ್ಷರ. ಅದನ್ನು ಒಮ್ಮೆ ಹೊರಗೆ ತೆಗೆಯುವ.

“ಮೊಬೈಲಿನಲ್ಲೇ ವಿಡಿಯೋ ಬರ್ತದಲ್ಲ, ಇದು ಯಾಕೆ?” ಅಂತ ಕೇಳ್ತೀರಿ. ಪ್ರಶ್ನೆ ಸರಿಯಾದದ್ದೇ. ಹೊಸ ಮೊಬೈಲಿನ ಚಿತ್ರ ಹಳೆಯ ಕ್ಯಾಮ್‌ಕಾರ್ಡರಿಗಿಂತ ಚೆನ್ನಾಗಿಯೂ ಇರಬಹುದು. ಆದರೆ ಕ್ಯಾಮ್‌ಕಾರ್ಡರ್ ಒಂದೇ ಕೆಲಸಕ್ಕಾಗಿ ಮಾಡಿದ ಯಂತ್ರ. ಮಸೂರಗಳೇ ಹಿಂದೆ ಮುಂದೆ ಸರಿದು ದೂರದ್ದನ್ನು ಹತ್ತಿರ ತರುವ ನಿಜವಾದ ಜೂಮ್ ಅದಕ್ಕಿದೆ. ಮುಕ್ಕಾಲಿಯ ಮೇಲೆ ಕೂರಿಸಲು ಅಡಿಯಲ್ಲಿ ತಿರುಪಿನ ತೂತು ಇದೆ. ಅಜ್ಜಿ ಕತೆ ಹೇಳುವಾಗ ನಡುವೆ ಯಾರದೋ ಕರೆ ಬರುವುದಿಲ್ಲ. ಮುಖ್ಯವಾಗಿ, ಅದು ಶಾಲೆಯದ್ದು, ಅಂದರೆ ಸ್ವಂತ ಮೊಬೈಲ್ ಇಲ್ಲದವರದ್ದೂ ಹೌದು.

ಭುಜದಿಂದ ಅಂಗೈಗೆ

ಕ್ಯಾಮರಾ ಮತ್ತು ರೆಕಾರ್ಡರ್ ಎರಡೂ ಸೇರಿದ್ದರಿಂದ ‘ಕ್ಯಾಮ್‌ಕಾರ್ಡರ್’ ಎಂಬ ಹೆಸರು. ಮೊದಲು ಇವೆರಡೂ ಬೇರೆ ಬೇರೆ ಇದ್ದವು. ಕ್ಯಾಮರಾ ಕೈಯಲ್ಲಿ, ಟೇಪು ತಿರುಗುವ ಭಾರದ ಪೆಟ್ಟಿಗೆ ಹೆಗಲಲ್ಲಿ, ನಡುವೆ ಒಂದು ವೈರು. 1983ರಲ್ಲಿ ಸೋನಿ ಕಂಪನಿ ಎರಡನ್ನೂ ಒಂದೇ ಗೂಡಿನಲ್ಲಿಟ್ಟು ‘ಬೀಟಾಮೂವಿ’ ಎಂಬ ಯಂತ್ರವನ್ನು ಮನೆಬಳಕೆಗೆ ತಂದಿತು. ಅದನ್ನು ಭುಜದ ಮೇಲಿಟ್ಟೇ ಹಿಡಿಯಬೇಕಿತ್ತು. ಹಿಡಿದದ್ದನ್ನು ಅದರಲ್ಲೇ ತಿರುಗಿಸಿ ನೋಡಲಿಕ್ಕೂ ಆಗ್ತಿರಲಿಲ್ಲ, ಕ್ಯಾಸೆಟ್ ತೆಗೆದು ಬೇರೆ ಯಂತ್ರಕ್ಕೆ ಹಾಕಬೇಕಿತ್ತು. 1995ರಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್ಟಿನ ಡಿಜಿಟಲ್ ವಿಡಿಯೋ ಬಂತು. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ‘ಎವಿಸಿಎಚ್‌ಡಿ’ ಎಂಬ ದಾಖಲಾತಿ ವಿಧಾನವನ್ನು ಪ್ರಕಟಿಸಿದವು. ಆಮೇಲೆ ಟೇಪಿನ ಹಂಗು ಕಡಿಮೆಯಾಯಿತು, ಉಗುರಗಲದ ಮೆಮೊರಿ ಕಾರ್ಡು ಸಾಕಾಯಿತು. ಟೇಪು ತಿರುಗಿಸುವ ಮೋಟಾರು, ಚಕ್ರಗಳು ಹೋದ ಮೇಲೆ ಯಂತ್ರ ಅಂಗೈಗೆ ಇಳಿಯಿತು.

ಬೆಳಕು ಅಂಕಿಯಾಗುವ ಬಗೆ

ಮಸೂರ ಮಾಡುವ ಕೆಲಸ ನಿಮಗೆ ಗೊತ್ತೇ ಇದೆ. ಎದುರಿನ ದೃಶ್ಯದ ತಲೆಕೆಳಗಾದ ಚಿತ್ರವನ್ನು ಅದು ಹಿಂದಿನ ಒಂದು ಬಿಲ್ಲೆಯ ಮೇಲೆ ಮೂಡಿಸುತ್ತದೆ. ಆ ಬಿಲ್ಲೆಯೇ ಸಂವೇದಕ. ಅದರ ಮೇಲೆ ಲಕ್ಷಗಟ್ಟಲೆ ಪುಟ್ಟ ಕೋಶಗಳಿವೆ. ಮಳೆ ಬರುವಾಗ ಅಂಗಳದಲ್ಲಿ ಸಾಲಾಗಿ ಲೋಟ ಇಟ್ಟ ಹಾಗೆ ಎಂದುಕೊಳ್ಳಿ. ಬೆಳಕು ಹೆಚ್ಚು ಬಿದ್ದ ಕೋಶದಲ್ಲಿ ಹೆಚ್ಚು ವಿದ್ಯುದಂಶ, ಕಡಿಮೆ ಬಿದ್ದಲ್ಲಿ ಕಡಿಮೆ. ಪ್ರತಿ ಲೋಟದಲ್ಲೂ ಎಷ್ಟು ತುಂಬಿತು ಎಂದು ಅಳೆದು ಬರೆದರೆ ಚಿತ್ರ ಅಂಕಿಗಳಾಗುತ್ತದೆ. ಇಂಥ ಸಂವೇದಕಗಳಲ್ಲಿ ಒಂದಾದ ‘ಸಿಸಿಡಿ’ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕಾಗಿ 2009ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ಈಗಿನ ಕ್ಯಾಮರಾಗಳಲ್ಲಿ ಹೆಚ್ಚಾಗಿ ಇರುವುದು ‘ಸಿಮಾಸ್’ ಎಂಬ ಇನ್ನೊಂದು ಬಗೆ.

ಹಾಗಾದರೆ ಎಚ್‌ಡಿ ಅಂದರೇನು? ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬ ಲೆಕ್ಕ, ಅಷ್ಟೇ. ನಮ್ಮ ಹಳೆಯ ಟಿವಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಗುಣಿಸಿ ನೋಡಿ, 4,14,720. ಪೂರ್ಣ ಎಚ್‌ಡಿಯಲ್ಲಿ 1920 ಮತ್ತು 1080. ಗುಣಿಸಿದರೆ 20,73,600. ಸರಿಯಾಗಿ ಐದು ಪಟ್ಟು! ಹಳೆಯ ಟೇಪಿನಲ್ಲಿ ಅಜ್ಜನ ಕೈ ಮಾತ್ರ ಕಾಣ್ತಿತ್ತು, ಈಗ ಬುಟ್ಟಿ ಹೆಣೆಯುವಾಗ ಬಿದಿರ ಸೀಳು ಯಾವ ಬೆರಳಿನ ಸಂದಿನಿಂದ ಹೋಯಿತು ಅಂತಲೂ ಕಾಣ್ತದೆ. ನೋಡಿ ಕಲಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಗುಡ್ಡವನ್ನು ಡಬ್ಬಿಗೆ ತುಂಬುವ ಲೆಕ್ಕ

ಈಗ ಒಂದು ಲೆಕ್ಕ ಮಾಡುವ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಒಂದು ಅಂಕಿಗೆ ಒಂದು ಬೈಟ್ ಜಾಗ. ಆಗ ಒಂದು ಚಿತ್ರಕ್ಕೆ 62,20,800 ಬೈಟ್ ಬೇಕು. ನಮ್ಮ ದೇಶದ ಟಿವಿ ಕ್ರಮದಲ್ಲಿ ಸೆಕೆಂಡಿಗೆ 25 ಚಿತ್ರ. ಈ ಒಂದೊಂದು ಚಿತ್ರಕ್ಕೂ ‘ಫ್ರೇಮ್’ ಎನ್ನುತ್ತಾರೆ. ಹಾಗಾದರೆ ಸೆಕೆಂಡಿಗೆ ಸುಮಾರು 155 ಮೆಗಾಬೈಟ್. 32 ಗಿಗಾಬೈಟಿನ ಕಾರ್ಡು ಮೂರೂವರೆ ನಿಮಿಷ ಆಗುವಷ್ಟರಲ್ಲಿ ತುಂಬಿಹೋಗಬೇಕು. ಆದರೆ ನಿಜವಾಗಿ ಅದೇ ಕಾರ್ಡಿನಲ್ಲಿ ಮೂರು ಗಂಟೆಯಷ್ಟು ವಿಡಿಯೋ ಹಿಡಿಸ್ತದೆ. ಸೆಕೆಂಡಿಗೆ 3 ಮೆಗಾಬೈಟಿನಷ್ಟೇ ಖರ್ಚು. ಉಳಿದದ್ದು ಎಲ್ಲಿ ಹೋಯಿತು?

ಯಕ್ಷಗಾನದ ರಂಗಸ್ಥಳವನ್ನು ನೆನೆದುಕೊಳ್ಳಿ. ಹಿಂದಿನ ಪರದೆ, ದೀಪ, ಭಾಗವತರು ಕುಳಿತ ಜಾಗ, ಇವೆಲ್ಲ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಬದಲಾಗುವುದು ಕುಣಿಯುವ ವೇಷ ಮಾತ್ರ. ಆದ್ದರಿಂದ ಯಂತ್ರ ಆಗಾಗ ಒಂದು ಪೂರ್ಣ ಚಿತ್ರವನ್ನು ಬರೆದಿಡುತ್ತದೆ. ನಡುವಿನ ಫ್ರೇಮುಗಳಲ್ಲಿ ‘ಎಲ್ಲಿ ಏನು ಬದಲಾಯಿತು’ ಎಂಬುದಷ್ಟನ್ನೇ ಬರೆಯುತ್ತದೆ. ಇದು ಒಂದು ಉಪಾಯ.

ಇನ್ನೊಂದು ಉಪಾಯ ಪ್ರತಿ ಚಿತ್ರದ ಒಳಗೇ ನಡೆಯುತ್ತದೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಅಂಶ ಎಷ್ಟು, ಚುಕ್ಕಿಯಿಂದ ಚುಕ್ಕಿಗೆ ಥಟ್ಟನೆ ಬದಲಾಗುವ ಅಂಶ ಎಷ್ಟು ಎಂದು ಬೇರ್ಪಡಿಸುತ್ತಾರೆ. ನಮ್ಮ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ತೀರಾ ನವಿರಾದ ಅಂಶವನ್ನು ಕಡಿತ ಮಾಡುತ್ತಾರೆ. ಹೀಗೆ ಬೇರ್ಪಡಿಸುವ ಗಣಿತಕ್ಕೆ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂದು ಹೆಸರು. ತ್ರಿಕೋನಮಿತಿಯ ಪಾಠದಲ್ಲಿ ನೀವು ಕಲಿಯುವ ಅದೇ ಕೊಸೈನ್! 1974ರಲ್ಲಿ ಇದನ್ನು ಪ್ರಕಟಿಸಿದ ಮೂವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಇವರಲ್ಲಿ ನಾಸಿರ್ ಅಹ್ಮದ್ ಹುಟ್ಟಿದ್ದು, ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನಲ್ಲಿ. ನೀವು ಮೊಬೈಲಿನಲ್ಲಿ ನೋಡುವ ಸಾಮಾನ್ಯ ಜೆಪೆಗ್ ಫೋಟೋಗಳ ಹಿಂದೆಯೂ ಇದೇ ಗಣಿತ ಇದೆ. “ಈ ಕೊಸೈನ್ ಎಲ್ಲ ಯಾಕೆ ಸರ್?” ಅಂತ ಇನ್ನು ಕೇಳಬೇಡಿ.

ವಿಜ್ಞಾನ ಗೊತ್ತಾದರೆ ನಿಯಮ ಬಾಯಿಪಾಠ ಬೇಡ

ಈ ಎರಡು ಉಪಾಯ ಅರ್ಥವಾದರೆ ಕ್ಯಾಮರಾ ಹಿಡಿಯುವ ನಿಯಮಗಳು ತಾವಾಗಿಯೇ ಬರುತ್ತವೆ.

ಕೈ ಅಲುಗಾಡಿದರೆ ಏನಾಗ್ತದೆ? ಪರದೆ, ದೀಪ, ಗೋಡೆ ಎಲ್ಲವೂ ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸ್ತವೆ. ‘ಬದಲಾದದ್ದಷ್ಟೇ ಬರೆಯುವ’ ಉಪಾಯಕ್ಕೆ ಕೆಲಸ ಹೆಚ್ಚಾಗಿ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಮುಕ್ಕಾಲಿ ಬೇಕು. ಇಲ್ಲದಿದ್ದರೆ ಬೆಂಚಿನ ಮೇಲೆ ಅಕ್ಕಿಯ ಸಣ್ಣ ಚೀಲ ಇಟ್ಟು ಅದರ ಮೇಲೆ ಕ್ಯಾಮರಾ ಕೂರಿಸಿ. ಜೂಮ್ ಮಾಡಿದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣ್ತದೆ. ಹಾಗಾಗಿ ಹತ್ತಿರ ಹೋಗಲು ಸಾಧ್ಯವಿದ್ದರೆ ಕಾಲಿನಿಂದಲೇ ಜೂಮ್ ಮಾಡಿ! ‘ಡಿಜಿಟಲ್ ಜೂಮ್’ ಎಂಬುದನ್ನಂತೂ ಮುಚ್ಚಿಬಿಡಿ. ಅದು ಇದ್ದ ಚುಕ್ಕಿಗಳನ್ನೇ ಹಿಗ್ಗಿಸುತ್ತದೆ, ಹೊಸ ವಿವರ ತರುವುದಿಲ್ಲ.

ಕತ್ತಲೆಯಲ್ಲಿ ಯಾಕೆ ಚಿತ್ರ ಗರಗರಿ? ಸಣ್ಣ ಕ್ಯಾಮರಾದ ಸಂವೇದಕ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಕಡಿಮೆ ಬೆಳಕಿನಲ್ಲಿ ಲೋಟಕ್ಕೆ ನಾಲ್ಕೇ ಹನಿ ಬಿದ್ದ ಹಾಗೆ. ಯಂತ್ರ ಆ ನಾಲ್ಕು ಹನಿಯನ್ನು ಹತ್ತು ಪಟ್ಟು ಮಾಡಿ ತೋರಿಸುವಾಗ ತಪ್ಪೂ ಹತ್ತು ಪಟ್ಟಾಗುತ್ತದೆ. ಮಾತಾಡುವವರನ್ನು ಜಗಲಿಗೆ, ಕಿಟಕಿಯ ಎದುರಿಗೆ ಕೂರಿಸಿ. ಬೆಳಕು ಅವರ ಮುಖಕ್ಕೆ ಬೀಳಲಿ, ನಿಮ್ಮ ಬೆನ್ನ ಹಿಂದಿನಿಂದ ಬರಲಿ.

ಹಳೆಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಟುಕುತ್ತದೆಯೇ? ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಪ್ರತಿ ಆವರ್ತದಲ್ಲಿ ಎರಡು ಸಲ ಬೆಳಕು ಏರಿಳಿಯುತ್ತದೆ, ಅಂದರೆ ಸೆಕೆಂಡಿಗೆ 100 ಸಲ. ಷಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಏರಿಳಿತ ಪ್ರತಿ ಫ್ರೇಮಿಗೂ ಸಮನಾಗಿ ಹಂಚಿಹೋಗುತ್ತದೆ. ಅಮೆರಿಕದಿಂದ ಬಂದ ಕ್ಯಾಮರಾ ಆದರೆ ಅಲ್ಲಿನ 60 ಆವರ್ತಕ್ಕೆ ಹೊಂದಿಸಿದ್ದಿರಬಹುದು, ನೋಡಿಕೊಳ್ಳಿ. ಇನ್ನು ಫ್ಯಾನಿನ ರೆಕ್ಕೆ ವಿಡಿಯೋದಲ್ಲಿ ಬಾಗಿದಂತೆ ಕಂಡರೆ ಹೆದರಬೇಡಿ. ಸಿಮಾಸ್ ಸಂವೇದಕ ಚಿತ್ರವನ್ನು ಒಂದೇಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರ್ತದೆ!

ಮೈದಾನದಲ್ಲಿ ಎರಡು ಪ್ರಯೋಗ

ಕ್ಯಾಮ್‌ಕಾರ್ಡರ್ ಒಂದು ಗಡಿಯಾರವೂ ಹೌದು. ಸೆಕೆಂಡಿಗೆ 25 ಫ್ರೇಮ್ ಎಂದ ಮೇಲೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 0.04 ಸೆಕೆಂಡ್. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೋ ತೆರೆದು ‘ಇ’ ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ.

*ಬೀಳುವ ಚೆಂಡು:* ಗೋಡೆಗೆ ಮೀಟರ್ ಪಟ್ಟಿ ನೇರವಾಗಿ ನಿಲ್ಲಿಸಿ. ಪಕ್ಕದಲ್ಲೇ ಒಂದು ಚೆಂಡನ್ನು ಕೈಬಿಡಿ. ಒಳ್ಳೆಯ ಬಿಸಿಲು ಇರಲಿ, ಷಟರ್ ವೇಗ 500ನೇ ಒಂದು ಭಾಗಕ್ಕೆ ಇಟ್ಟರೆ ಚೆಂಡು ಮಸುಕಾಗುವುದಿಲ್ಲ. ಕ್ಯಾಮರಾ ನಾಲ್ಕೈದು ಮೀಟರ್ ದೂರದಲ್ಲಿ, ಪಟ್ಟಿಗೆ ನೇರ ಎದುರಾಗಿ ಇರಲಿ. ಲೆಕ್ಕದ ಪ್ರಕಾರ ಚೆಂಡು 1 ಫ್ರೇಮಿನಲ್ಲಿ 0.8 ಸೆಂ.ಮೀ., 2ರಲ್ಲಿ 3.1, 3ರಲ್ಲಿ 7.1, 4ರಲ್ಲಿ 12.5, 5ರಲ್ಲಿ 19.6 ಸೆಂ.ಮೀ. ಬಿದ್ದಿರಬೇಕು. ಪ್ರತಿ ಫ್ರೇಮಿನಲ್ಲಿ ಹೊಸದಾಗಿ ಬಿದ್ದ ದೂರ 1, 3, 5, 7, 9ರ ಪ್ರಮಾಣದಲ್ಲಿ ಏರುತ್ತದೆ. ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡುಕೊಂಡ ನಿಯಮ ಇದೇ. ಕೈ ಬಿಟ್ಟ ಕ್ಷಣ ಎರಡು ಫ್ರೇಮುಗಳ ನಡುವೆ ಎಲ್ಲೋ ಬಂದಿರುತ್ತದೆ, ಆದ್ದರಿಂದ ನಿಮ್ಮ ಅಂಕಿ ಸ್ವಲ್ಪ ಆಚೀಚೆ ಆದೀತು. ಎಷ್ಟು ಆಚೀಚೆ, ಯಾಕೆ ಎಂದು ಬರೆಯುವುದೇ ನಿಜವಾದ ಪ್ರಯೋಗ.

*ಶಬ್ದದ ವೇಗ:* 100 ಮೀಟರ್ ಅಳೆದು, ಆ ತುದಿಯಲ್ಲಿ ಗೆಳೆಯನನ್ನು ನಿಲ್ಲಿಸಿ ಎರಡು ಹಲಗೆ ತುಂಡುಗಳನ್ನು ಜೋರಾಗಿ ಬಡಿಯಲು ಹೇಳಿ. ಈ ತುದಿಯಿಂದ ಜೂಮ್ ಮಾಡಿ ಹಿಡಿಯಿರಿ. ಹಲಗೆ ಕೂಡಿದ ಫ್ರೇಮಿಗೂ ‘ಟಪ್’ ಎಂದು ಕೇಳುವ ಫ್ರೇಮಿಗೂ ನಡುವೆ ಸುಮಾರು 7 ಫ್ರೇಮ್ ಅಂತರ ಬರ್ತದೆ. 7 ಫ್ರೇಮ್ ಅಂದರೆ 0.28 ಸೆಕೆಂಡ್. 100ನ್ನು 0.28ರಿಂದ ಭಾಗಿಸಿದರೆ ಸೆಕೆಂಡಿಗೆ 357 ಮೀಟರ್. ಪುಸ್ತಕದ ಅಂಕಿಗೆ ಹತ್ತಿರವೇ ಬಂತು, ಅಲ್ವಾ? ಎಣಿಕೆಯಲ್ಲಿ ಒಂದು ಫ್ರೇಮ್ ತಪ್ಪಿದರೂ ಉತ್ತರ ಏಳರಲ್ಲಿ ಒಂದು ಪಾಲು ಬದಲಾಗುತ್ತದೆ. ದೂರವನ್ನು 200 ಮೀಟರ್ ಮಾಡಿದರೆ ಈ ತಪ್ಪು ಅರ್ಧವಾಗುತ್ತದೆ. ಯಾಕೆಂದು ನೀವೇ ಯೋಚಿಸಿ.

ಕಣ್ಣಿಗಿಂತ ಕಿವಿ ಮುಖ್ಯ

ಚಿತ್ರ ಸ್ವಲ್ಪ ಮಸುಕಾದರೂ ನೋಡಬಹುದು. ಮಾತು ಕೇಳದಿದ್ದರೆ ಮುಗಿಯಿತು. ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ನಾಲ್ಕು ಮೀಟರಿನಿಂದ ಒಂದು ಮೀಟರಿಗೆ ಬಂದರೆ ಮಾತಿನ ತೀವ್ರತೆ 16 ಪಟ್ಟು. ಜೂಮ್ ಮುಖವನ್ನು ಹತ್ತಿರ ತರ್ತದೆಯೇ ಹೊರತು ದನಿಯನ್ನು ಅಷ್ಟು ಹತ್ತಿರ ತರುವುದಿಲ್ಲ. ಮಾತಾಡಿಸುವಾಗ ಒಂದು ಮೀಟರಿನೊಳಗೆ ಕುಳಿತುಕೊಳ್ಳಿ. ಫ್ಯಾನು, ಟಿವಿ, ನೀರಿನ ಪಂಪು ನಿಲ್ಲಿಸಲು ಕೇಳಿಕೊಳ್ಳಿ. ಗಾಳಿ ಇದ್ದರೆ ಮೈಕಿನ ತೂತಿನ ಮೇಲೆ ತೆಳುವಾದ ಸ್ಪಂಜಿನ ತುಂಡು ಕಟ್ಟಿ. ಇಯರ್‌ಫೋನ್ ಸಿಕ್ಕಿಸುವ ತೂತು ಇದ್ದರೆ ಹಾಕಿಕೊಂಡು ಅರ್ಧ ನಿಮಿಷದ್ದನ್ನು ಮೊದಲು ಕೇಳಿ ನೋಡಿ, ಆಮೇಲೆ ಕೆಲಸ ಸುರು ಮಾಡಿ.

ಹಿಡಿಯಬೇಕಾದ್ದು ಏನು?

ಕಾಸರಗೋಡಿನ ಕಡೆಯ ಮಕ್ಕಳಿಗೆ ಸುರಂಗ ಗೊತ್ತು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಪಂಪು ಇಲ್ಲದೆ, ಕರೆಂಟು ಇಲ್ಲದೆ, ಇಳಿಜಾರಿನ ಬಲದಿಂದಲೇ ಹೊರಗೆ ತರುವ ಏರ್ಪಾಡು. ಎಷ್ಟೋ ಮನೆಯ ಕೊಡಪಾನ, ಎಷ್ಟೋ ಅಡಿಕೆ ತೋಟ ಈ ನೀರಿನಿಂದ ತುಂಬಿದ್ದುಂಟು. ಕೊಳವೆಬಾವಿ ಬಂದ ಮೇಲೆ ಹೊಸ ಸುರಂಗ ಕೊರೆಸುವವರು ಕಡಿಮೆ, ಕೊರೆಯಬಲ್ಲವರೂ ಕಡಿಮೆ. ಎಲ್ಲಿ ಕೊರೆಯಬೇಕು, ನೀರು ಹತ್ತಿರ ಬಂತೆಂದು ಮಣ್ಣು ಹೇಗೆ ಹೇಳ್ತದೆ, ಒಳಗೆ ಗಾಳಿ ಸಾಲದೆ ಹೋದರೆ ಮೇಣದ ಬತ್ತಿಯ ಜ್ವಾಲೆ ಹೇಗೆ ಕುಗ್ಗುತ್ತದೆ, ಇದೆಲ್ಲ ಪಿಕ್ಕಾಸು ಹಿಡಿದ ಕೈಗಳಿಗೆ ಗೊತ್ತಿರುವ ವಿಜ್ಞಾನ. ಬೇಸಿಗೆಗೆ ತೋಡಿಗೆ ಅಡ್ಡ ಹಾಕುವ ಕಟ್ಟ, ಮಳೆನೀರು ಇಂಗಿಸುವ ಮದಕ, ಇವುಗಳದ್ದೂ ಇದೇ ಕತೆ. ಈ ಮಾತುಗಳು ಹೆಚ್ಚಿನವು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹೇಳುವವರು ಹೋದರೆ ಮಾತೂ ಹೋಯಿತು.

ಸೊಲ್ಲಾಪುರದವರಿಗೆ ಚಾದರದ ಮಗ್ಗ ಉಂಟು. ಅಕ್ಕಲಕೋಟೆ, ಜತ್ತದ ಕಡೆ ಜೋಳದ ರಾಶಿ, ಹಗೇವು. ಮಡಕಶಿರಾ ಕಡೆ ಕಡಲೆಕಾಯಿ ಹೊಲ, ಆದವಾನಿಯಲ್ಲಿ ಹತ್ತಿ. ತಾಳವಾಡಿಯಲ್ಲಿ, ವಯನಾಡಿನಲ್ಲಿ ಇನ್ನೇನೋ. ನಮ್ಮ ನಮ್ಮ ಊರಿನಲ್ಲಿ ಆಫೀಸಿನ ಭಾಷೆ, ಪೇಟೆಯ ಭಾಷೆ ಬೇರೆ. ಕೆಲಸದ ಒಳಗಿನ ಕನ್ನಡ ಪದಗಳು ಮನೆಯ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರಬಹುದು. ಅಜ್ಜ ನಡುವೆ ತುಳುವಿಗೋ ಮರಾಠಿಗೋ ತೆಲುಗಿಗೋ ಹೊರಳಿದರೆ ತಡೆಯಬೇಡಿ. ಅವರು ಹೇಗೆ ಮಾತಾಡ್ತಾರೋ ಅದೇ ದಾಖಲೆ.

ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮ ಉಂಟು. “ಅಜ್ಜಾ, ಸುರಂಗದ ಬಗ್ಗೆ ಎರಡು ಮಾತು ಹೇಳಿ” ಅಂದರೆ ಅವರು ಭಾಷಣ ಮಾಡ್ತಾರೆ, ಇಲ್ಲ ಸುಮ್ಮನಾಗ್ತಾರೆ. “ಅಜ್ಜಾ, ಇಲ್ಲೇ ಕೊರೀಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು? ಮಣ್ಣನ್ನು ಹೊರಗೆ ಹಾಕುವವರು ಯಾರಿದ್ರು?” ಅಂತ ಕೇಳಿ ನೋಡಿ. ಮಾತು ತಾನೇ ಹರಿದು ಬರ್ತದೆ. ಅವರು ಹೇಳುವಾಗ ನಡುವೆ “ಹೌದೌದು, ಆಮೇಲೆ?” ಎನ್ನದೆ ತಲೆದೂಗಿ ಸಾಕು, ನಿಮ್ಮ ದನಿ ಅವರ ಮಾತಿನ ಮೇಲೆ ಬೀಳಬಾರದು. ಕೈಯಿಂದ ತೋರಿಸುವಾಗ ಕೈಯನ್ನು ಹಿಡಿಯಿರಿ, ಮುಖವನ್ನಲ್ಲ. ಉಪಕರಣದ ಹೆಸರು ಬಂದಾಗ ಅದನ್ನು ಎತ್ತಿ ತೋರಿಸಲು ಹೇಳಿ, ಹತ್ತು ಸೆಕೆಂಡು ಅಲುಗಾಡದೆ ಹಿಡಿಯಿರಿ.

ಒಂದು ಎಚ್ಚರಿಕೆ: ಕ್ಯಾಮರಾ ಹಿಡಿದುಕೊಂಡು ಸುರಂಗದ ಒಳಗೆ ಹೋಗುವುದು ಬೇಡವೇ ಬೇಡ. ಒಳಗೆ ಉಸಿರಾಡುವ ಗಾಳಿ ಕಡಿಮೆ ಇರಬಹುದು, ಮಣ್ಣು ಕುಸಿಯಬಹುದು. ಬಾಯಿಯ ಹೊರಗೆ ನಿಂತು, ದೊಡ್ಡವರು ಜೊತೆಗಿದ್ದಾಗ ಮಾತ್ರ ಹಿಡಿಯಿರಿ. ಬಾವಿ, ಹಗೇವಿಗೂ ಇದೇ ಮಾತು.

ಮೊದಲು ಕೇಳಿ, ಆಮೇಲೆ ಹಿಡಿಯಿರಿ

ಕ್ಯಾಮರಾ ಕೈಗೆ ಬಂದರೆ ಎದುರಿನವರ ಮುಖ, ಮಾತು ನಮ್ಮ ಕೈಗೆ ಬಂದ ಹಾಗೆ. ಅದು ಅವರದ್ದು, ನಮ್ಮದಲ್ಲ. “ಅಜ್ಜಿ, ಇದನ್ನು ಶಾಲೆಯಲ್ಲಿ ತೋರಿಸ್ಬಹುದಾ? ಬೇರೆ ಶಾಲೆಗೆ ಕಳಿಸ್ಬಹುದಾ?” ಅಂತ ಎರಡನ್ನೂ ಬೇರೆ ಬೇರೆ ಕೇಳಿ. ಬೇಡ ಅಂದರೆ ಬೇಡ. ಭೂತದ ಕೋಲ, ತೆಯ್ಯಂ, ಮನೆಯ ಪೂಜೆ ಇಂಥ ಕಡೆ ಹಿರಿಯರ ಅಪ್ಪಣೆ ಇಲ್ಲದೆ ಕ್ಯಾಮರಾ ತೆಗೆಯಬೇಡಿ. ಹಿಡಿದದ್ದನ್ನು ಅವರ ಮನೆಗೇ ಹೋಗಿ ತೋರಿಸಿ. “ಈ ಮಾತು ತೆಗಿ ಮಗಾ” ಅಂದರೆ ತೆಗೆದುಬಿಡಿ. ತಮ್ಮ ದನಿ ತಾವೇ ಕೇಳಿದಾಗ ಮರೆತ ಇನ್ನೊಂದು ಸಂಗತಿ ಅವರಿಗೆ ನೆನಪಾಗುವುದೂ ಉಂಟು. ಆಗ ಕ್ಯಾಮರಾ ನಿಮ್ಮ ಚೀಲದಲ್ಲಿರಲಿ.

ಉಳಿಸಿದರೆ ಮಾತ್ರ ದಾಖಲೆ

ಕಾರ್ಡು ಸಾಗಿಸುವ ಚೀಲ, ತುಂಬಿಡುವ ಕಣಜ ಅಲ್ಲ. ಹಿಡಿದ ದಿನವೇ ಕಂಪ್ಯೂಟರಿಗೆ ಇಳಿಸಿ. ಎವಿಸಿಎಚ್‌ಡಿ ಕ್ಯಾಮರಾ ಆದರೆ ವಿಡಿಯೋ ಕಡತವೊಂದನ್ನೇ ಎತ್ತಬೇಡಿ, ಇಡೀ ಫೋಲ್ಡರನ್ನು ನಕಲು ಮಾಡಿ. ಉದ್ದದ ವಿಡಿಯೋವನ್ನು ಯಂತ್ರ ತುಂಡು ತುಂಡಾಗಿ ಇಟ್ಟಿರ್ತದೆ, ಅವುಗಳನ್ನು ಜೋಡಿಸುವ ಮಾಹಿತಿ ಆ ಫೋಲ್ಡರಿನಲ್ಲೇ ಇರ್ತದೆ. ಎರಡು ಪ್ರತಿ ಮಾಡಿ ಎರಡು ಬೇರೆ ಜಾಗದಲ್ಲಿಡಿ: ಒಂದು ಶಾಲೆಯಲ್ಲಿ, ಒಂದು ಶಿಕ್ಷಕರ ಮನೆಯಲ್ಲಿ. ಎರಡೂ ತೆರೆಯುತ್ತವೆ ಎಂದು ಖಾತ್ರಿಯಾದ ಮೇಲಷ್ಟೇ ಕಾರ್ಡು ಅಳಿಸಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ಮೂಲ ಎಂದುಕೊಳ್ಳಬೇಡಿ, ಅದು ಇನ್ನಷ್ಟು ಕುಗ್ಗಿದ ಪ್ರತಿ.

ಕಡತಕ್ಕೆ ದಿನಾಂಕ, ಊರು, ವಿಷಯ ಸೇರಿಸಿ ಹೆಸರಿಡಿ. ಜೊತೆಗೆ ಒಂದು ಸಾದಾ ಪುಸ್ತಕದಲ್ಲಿ ಬರೆಯಿರಿ: ಯಾರು ಮಾತಾಡಿದರು, ಯಾರು ಹಿಡಿದರು, ಎಷ್ಟನೇ ನಿಮಿಷಕ್ಕೆ ಯಾವ ವಿಷಯ ಬಂತು, ಯಾವ ಹೊಸ ಪದ ಸಿಕ್ಕಿತು, ಯಾವುದಕ್ಕೆ ಒಪ್ಪಿಗೆ ಕೊಟ್ಟರು. ಈ ಪುಸ್ತಕ ಇಲ್ಲದಿದ್ದರೆ ಹತ್ತು ವರ್ಷದ ನಂತರ ಆ ವಿಡಿಯೋದಲ್ಲಿ ಯಾರೋ ಒಬ್ಬ ಅಜ್ಜ ಏನೋ ಹೇಳ್ತಿದ್ದಾರೆ, ಅಷ್ಟೇ.

ಯಂತ್ರವನ್ನೂ ನೋಡಿಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಸೂರದ ಒಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಸೊಲ್ಲಾಪುರ, ಆದವಾನಿ ಕಡೆಯವರಿಗೆ ಧೂಳೇ ಶತ್ರು. ಮಸೂರವನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆ. ತಿಂಗಳುಗಟ್ಟಲೆ ಬಳಸದಿದ್ದರೆ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೂ ಇಡಬೇಡಿ, ಪೂರ್ತಿ ತುಂಬಿಯೂ ಇಡಬೇಡಿ. ಅರ್ಧ ಚಾರ್ಜಿನಲ್ಲಿ, ಕ್ಯಾಮರಾದಿಂದ ಬಿಡಿಸಿ, ತಂಪಾದ ಜಾಗದಲ್ಲಿಡಿ.

ಈ ತಿಂಗಳ ಕೆಲಸ

ನಾಲ್ಕು ಜನರ ಒಂದು ಗುಂಪು ಮಾಡಿಕೊಳ್ಳಿ. ಒಬ್ಬರು ಕ್ಯಾಮರಾ, ಒಬ್ಬರು ಶಬ್ದ, ಒಬ್ಬರು ಪ್ರಶ್ನೆ, ಒಬ್ಬರು ಪುಸ್ತಕ. ಮುಂದಿನ ಸಲ ಕೆಲಸ ಬದಲಾಗಲಿ. ಮೊದಲ ವಾರ ಚೆಂಡಿನ ಪ್ರಯೋಗ ಮಾಡಿ, ಕೈ ಪಳಗಲಿ. ಎರಡನೇ ವಾರ ಶಬ್ದದ ವೇಗ ಅಳೆಯಿರಿ, ಕಿವಿ ಪಳಗಲಿ. ಮೂರನೇ ವಾರ ನಿಮ್ಮ ಊರಿನಲ್ಲಿ ಕೈಕೆಲಸ ಬಲ್ಲ ಒಬ್ಬ ಹಿರಿಯರ ಮನೆಗೆ ಹೋಗಿ, ಹತ್ತು ನಿಮಿಷ ಹಿಡಿಯಿರಿ. ಹತ್ತು ನಿಮಿಷಕ್ಕೆ ಕಾರ್ಡಿನಲ್ಲಿ ಸುಮಾರು 1,800 ಮೆಗಾಬೈಟ್ ಸಾಕು. ನಾಲ್ಕನೇ ವಾರ ಅದನ್ನು ನೋಡುತ್ತಾ ಪದಗಳ ಪಟ್ಟಿ ಮಾಡಿ. ನಿಮ್ಮ ಪಠ್ಯಪುಸ್ತಕದಲ್ಲಿ ಇಲ್ಲದ ಎಷ್ಟು ಪದ ಸಿಕ್ಕಿತು ಎಂದು ಎಣಿಸಿ, ಅರ್ಥ ಬರೆದು ಶಾಲೆಯ ಗೋಡೆಪತ್ರಿಕೆಯಲ್ಲಿ ಹಾಕಿ.

ಬ್ಯಾಟರಿಯನ್ನು ಇವತ್ತೇ ಚಾರ್ಜಿಗೆ ಹಾಕಿ.